ಮಗನಿಗೆ ಯಾವ ಆಟಗಾರನ ಜೆರ್ಸಿ ಕೊಡಿಸಲಿ?

ಪ್ರಶ್ನೆ: ನಾವು ಮೇರಿಲ್ಯಾಂಡ್‌ಗೆ ಬಂದು ಎರಡು ವರ್ಷ ಆಯಿತು. ಒಂಬತ್ತು ವರ್ಷದ ಮಗನಿಗೆ ಬೇಸ್‌ಬಾಲ್ ಹುಚ್ಚು ಹಿಡಿದಿದೆ. ಬಾಲ್ಟಿಮೋರ್ ಒರಿಯೋಲ್ಸ್ ತಂಡದ ಜೆರ್ಸಿ ಬೇಕಂತೆ. ಆಫೀಸಿನಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳ್ತಾರೆ, ಆ ಆಟಗಾರರೆಲ್ಲ ಇಪ್ಪತ್ತು ಚಿಲ್ಲರೆ ವಯಸ್ಸಿನವರು. ‘ಹುಡುಗರು ಬೆಳೀತಿದ್ದಾರೆ, ಕಾಯಬೇಕು’ ಅಂತಾರೆ. ಇವರಲ್ಲಿ ಯಾರು ನಿಲ್ತಾರೆ, ಯಾರು ಇಲ್ಲ ಅಂತ ತಿಳಿಯೋದು ಹೇಗೆ?

ಉತ್ತರ: ಅಂಗಡಿಗೆ ಆಮೇಲೆ ಹೋಗೋಣ. ‘ಹುಡುಗರು ಬೆಳೀತಿದ್ದಾರೆ’ ಅನ್ನೋ ಮಾತು ಈ ಊರಲ್ಲಿ ಏಳೆಂಟು ವರ್ಷದಿಂದ ಓಡಾಡುತ್ತಿದೆ. ಅದರ ಹಿಂದಿನ ಕಥೆ ಗೊತ್ತಿದ್ದರೆ ಆಫೀಸಿನವರ ಮಾತು ಸ್ವಲ್ಪ ಅರ್ಥವಾಗುತ್ತದೆ.

2018ರಲ್ಲಿ ಒರಿಯೋಲ್ಸ್ 162 ಪಂದ್ಯ ಆಡಿ 115 ಸೋತಿತು. ಆ ಜುಲೈನಲ್ಲೇ ತಂಡದ ದೊಡ್ಡ ತಾರೆ ಮ್ಯಾನಿ ಮಚಾಡೊನನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಕೊಟ್ಟು, ಬದಲಿಗೆ ಐದು ಜನ ಹೊಸಬರನ್ನು ತಂದರು. ವರ್ಷದ ಕೊನೆಗೆ ಹ್ಯೂಸ್ಟನ್ ತಂಡದಿಂದ ಮೈಕ್ ಇಲಾಯಸ್ ಜನರಲ್ ಮ್ಯಾನೇಜರ್ ಆಗಿ ಬಂದರು. ಅವರ ಲೆಕ್ಕ ಇಷ್ಟೇ: ಹಳಬರ ಮೇಲೆ ದುಡ್ಡು ಸುರಿಯೋದು ಬೇಡ, ಸೋತರೂ ಪರವಾಗಿಲ್ಲ, ಹುಡುಗರನ್ನು ಕೂಡಿಸೋಣ. ಆಗಿನ ನಿಯಮದ ಪ್ರಕಾರ ಅತಿ ಹೆಚ್ಚು ಸೋತ ತಂಡಕ್ಕೆ ಡ್ರಾಫ್ಟ್‌ನಲ್ಲಿ, ಅಂದರೆ ಪ್ರತಿ ವರ್ಷ ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಮೊದಲ ಆಯ್ಕೆ. (ಬೇಕಂತಲೇ ಸೋಲ್ತಾರೆ ಅನ್ನೋ ದೂರು ಜಾಸ್ತಿಯಾಗಿ, 2023ರ ಡ್ರಾಫ್ಟ್‌ನಿಂದ ಮೊದಲ ಆರು ಸ್ಥಾನಕ್ಕೆ ಲಾಟರಿ ಎತ್ತುತ್ತಾರೆ.) ಹಾಗೆ 2019ರಲ್ಲಿ ಮೊದಲ ಆಯ್ಕೆಯಾಗಿ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಆಡ್ಲಿ ರಚ್‌ಮನ್ ಸಿಕ್ಕಿದ. 2022ರಲ್ಲಿ ಮತ್ತೆ ಮೊದಲ ಆಯ್ಕೆ. ಈ ಸಲ ಜ್ಯಾಕ್ಸನ್ ಹಾಲಿಡೇ.

ನಡುವಿನ ವರ್ಷಗಳನ್ನು ನೋಡಿದವರಿಗೇ ಗೊತ್ತು. 2021ರ ಆಗಸ್ಟ್‌ನಲ್ಲಿ ತಂಡ ಸಾಲಾಗಿ 19 ಪಂದ್ಯ ಸೋತಿತು. ಆಗ ಒಂದು ಸಂಜೆ ತಂಡದ ಮೈದಾನ ಕ್ಯಾಮ್ಡೆನ್ ಯಾರ್ಡ್ಸ್‌ಗೆ ಹೋಗಿದ್ದೆ. ನನ್ನ ಸಾಲಿನಲ್ಲಿ ನಾನು, ಪಾಪ್‌ಕಾರ್ನ್ ಡಬ್ಬ, ಅಷ್ಟೇ. ಕಡಲೆಕಾಯಿ ಮಾರುವವನು ಮೂರು ಸಲ ಬಂದು, ನಾಲ್ಕನೇ ಸಲ ಸುಮ್ನೆ ಪಕ್ಕದಲ್ಲಿ ಕೂತುಬಿಟ್ಟ. ಆದರೂ ರಾಷ್ಟ್ರಗೀತೆಯ ನಡುವೆ ಇಲ್ಲಿಯವರು ವಾಡಿಕೆಯಂತೆ ಕೂಗುವ, ಒರಿಯೋಲ್ಸ್ ಹೆಸರಿನ ಆ ‘ಓ!’ ಮಾತ್ರ ಕೇಳಿಸಿತು. ದನಿ ಕಮ್ಮಿ ಇತ್ತು, ಆದರೆ ಇತ್ತು.

ಈಗ ನಿಮ್ಮ ಪ್ರಶ್ನೆ. ಅಭಿಮಾನಿಗಳು, ನನ್ನನ್ನೂ ಸೇರಿಸಿ, ಎಡವೋದು ಒಂದೇ ಕಡೆ. ಹುಡುಗ ಎಷ್ಟು ಹೊಡೆದ ಅಂತ ನೋಡ್ತೀವಿ, ಏನನ್ನು ಬಿಟ್ಟ ಅಂತ ನೋಡಲ್ಲ. ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ಆಫ್ ಸ್ಟಂಪ್ ಆಚೆ ಹೋಗುವ ಚೆಂಡನ್ನು ಬಿಡೋದು ಬರದವನು ಎಷ್ಟು ಚೆನ್ನಾಗಿ ಡ್ರೈವ್ ಹೊಡೆದರೇನು? ಬೇಸ್‌ಬಾಲ್‌ನಲ್ಲಂತೂ ಬಿಟ್ಟಿದ್ದಕ್ಕೆ ಬಹುಮಾನವೇ ಇದೆ. ಗುರಿಯ ಚೌಕದ ಆಚೆ ಬಂದ ನಾಲ್ಕು ಚೆಂಡು ಬಿಟ್ಟರೆ ಮೊದಲ ಬೇಸ್‌ಗೆ (ರನ್ನಿಗಾಗಿ ಸುತ್ತಿಬರಬೇಕಾದ ಠಾಣೆಗಳಲ್ಲಿ ಮೊದಲನೆಯದು) ಸುಮ್ನೆ ನಡೆದುಕೊಂಡು ಹೋಗಬಹುದು. ಇದೇ ‘ವಾಕ್’. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಬ್ಯಾಟರ್ ಹತ್ತಿರ ಬರಲು ಹೆಚ್ಚುಕಮ್ಮಿ 0.4 ಸೆಕೆಂಡ್ ಸಾಕು. ಅಷ್ಟರಲ್ಲಿ ಹೊಡೆಯಲೋ ಬಿಡಲೋ ಅಂತ ತೀರ್ಮಾನ ಮಾಡುವ ಕಣ್ಣು ಸುಲಭಕ್ಕೆ ಬರೋದಲ್ಲ, ಬಂದರೆ ಬೇಗ ಹೋಗೋದೂ ಅಲ್ಲ.

ಗನ್ನರ್ ಹೆಂಡರ್ಸನ್ ವಿಷಯದಲ್ಲಿ ನಾನು ಮೋಸ ಹೋಗಿದ್ದು ಇಲ್ಲೇ. 2019ರ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ, ಒಟ್ಟು ಲೆಕ್ಕದಲ್ಲಿ 42ನೆಯವನಾಗಿ ಸಿಕ್ಕ ಹುಡುಗ. 2023ರ ಏಪ್ರಿಲ್‌ನಲ್ಲಿ ಅವನ ಸರಾಸರಿ, ಅಂದರೆ ವಾಕ್ ಬಿಟ್ಟು ಬ್ಯಾಟ್ ಹಿಡಿದು ನಿಂತ ಸಲಗಳಲ್ಲಿ ಹೊಡೆದು ಬೇಸ್ ಮುಟ್ಟಿದ (ಹಿಟ್) ಪಾಲು, 0.200 ಕೂಡ ದಾಟಲಿಲ್ಲ. ‘ಇವನದೂ ಇಷ್ಟೇ’ ಅಂತ ಮನೆಯಲ್ಲಿ ಜೋರಾಗಿ ಹೇಳಿದ್ದೆ. ಆದರೆ ಅದೇ ತಿಂಗಳು ಅವನು ವಾಕ್ ಮೇಲೆ ವಾಕ್ ತಗೊಳ್ತಿದ್ದ. ಚೆಂಡು ಕಾಣ್ತಿತ್ತು, ಬ್ಯಾಟಿಗೆ ಸರಿಯಾಗಿ ತಾಗುತ್ತಿರಲಿಲ್ಲ ಅಷ್ಟೇ. ವರ್ಷ ಮುಗಿಯುವಾಗ 28 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಹಾಗೆ), ಒಂದು ಮತವೂ ತಪ್ಪದೆ ಅಮೆರಿಕನ್ ಲೀಗ್‌ನ ವರ್ಷದ ಹೊಸ ಆಟಗಾರ. ಮುಂದಿನ ವರ್ಷ 37 ಹೋಮ್ ರನ್. ನನ್ನ ಮಾತನ್ನು ಮನೆಯಲ್ಲಿ ಇವತ್ತಿಗೂ ನೆನಪಿಸ್ತಾರೆ.

ಎರಡನೆಯದು ವಯಸ್ಸು. ಬರೀ ವಯಸ್ಸಲ್ಲ, ಯಾವ ಮೆಟ್ಟಿಲಲ್ಲಿ ಎಷ್ಟು ವಯಸ್ಸು ಅನ್ನೋದು. ದೊಡ್ಡ ತಂಡದ ಕೆಳಗೆ ಮೈನರ್ ಲೀಗ್‌ನ ಮೆಟ್ಟಿಲುಗಳಿವೆ. ಒರಿಯೋಲ್ಸ್‌ಗೆ ಸ್ಯಾಲಿಸ್‌ಬರಿ, ಫ್ರೆಡರಿಕ್ (2025ರವರೆಗೆ ಅಬರ್ಡೀನ್), ಬೋವಿ, ಆಮೇಲೆ ವರ್ಜೀನಿಯಾದ ನಾರ್‌ಫೋಕ್. ಮೊದಲ ಮೂರೂ ನಿಮ್ಮ ಮೇರಿಲ್ಯಾಂಡ್‌ನಲ್ಲೇ ಇವೆ. ಇಪ್ಪತ್ತೈದು ವರ್ಷದವನು ಬೋವಿಯಲ್ಲಿ ಚೆನ್ನಾಗಿ ಹೊಡೆದರೆ ನಾನು ತಲೆ ಕೆಡಿಸಿಕೊಳ್ಳಲ್ಲ. ಎದುರಿಗಿರುವವರು ಅವನಿಗಿಂತ ಚಿಕ್ಕವರು. ಹಾಲಿಡೇ 2023ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಒಂದೇ ವರ್ಷದಲ್ಲಿ ಈ ನಾಲ್ಕೂ ಮೆಟ್ಟಿಲು ಹತ್ತಿದ. ಅಂಥದ್ದು ದಿನಾ ನಡೆಯಲ್ಲ.

ಮೇಲೆ ಬಂದ ಮೇಲೆ ಏನಾಯಿತು? 2024ರ ಏಪ್ರಿಲ್‌ನಲ್ಲಿ ದೊಡ್ಡ ತಂಡಕ್ಕೆ ಕರೆದರು. ಹತ್ತು ಪಂದ್ಯ, 34 ಸಲ ಬ್ಯಾಟ್ ಬೀಸಲು ನಿಂತು ಎರಡೇ ಹಿಟ್, 18 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಬಿದ್ದು ಔಟ್ ಆಗೋದು). ವಾಪಸ್ ನಾರ್‌ಫೋಕ್‌ಗೆ ಕಳಿಸಿದರು. ಜುಲೈ ಕೊನೆಗೆ ಮತ್ತೆ ಬಂದು, ಬಂದ ದಿನವೇ ಮೂರೂ ಬೇಸ್ ತುಂಬಿದ್ದಾಗ ಹೋಮ್ ರನ್ ಹೊಡೆದ. ಇಲ್ಲಿಗೆ ಕಥೆ ಮುಗಿದು ಸುಖಾಂತ್ಯ ಅಂದುಕೊಳ್ಳಬೇಡಿ. ಆ ವರ್ಷದ ಅವನ ಸರಾಸರಿ 0.189ಕ್ಕೇ ನಿಂತಿತು. 2025ರಲ್ಲಿ 0.242, 17 ಹೋಮ್ ರನ್. ಇನ್ನೂ ದೊಡ್ಡ ಆಟಗಾರ ಅಲ್ಲ, ಆದರೆ ಕಲಿತಿದ್ದಾನೆ ಅಂತ ಕಾಣುತ್ತದೆ. ಹುಡುಗ ಮೊದಲ ಸಲ ಬಿದ್ದಾಗ ಪೇಪರಿನವರು ಬರೆದಿದ್ದನ್ನು ನಾನು ಓದಲ್ಲ. ಎರಡನೇ ಸಲ ಬಂದಾಗ ಏನು ಬದಲಾಯಿಸಿಕೊಂಡು ಬಂದ ಅಂತ ನೋಡ್ತೀನಿ.

ಇದನ್ನು ನನಗೆ ಕಲಿಸಿದವನು ಸೆಡ್ರಿಕ್ ಮಲ್ಲಿನ್ಸ್. ಭರವಸೆಯ ಹುಡುಗರ ಯಾವ ದೊಡ್ಡ ಪಟ್ಟಿಯ ಮೇಲ್ಭಾಗದಲ್ಲೂ ಅವನು ಇರಲಿಲ್ಲ. 2015ರ ಡ್ರಾಫ್ಟ್‌ನ 13ನೇ ಸುತ್ತಿನವನು. 2019ರಲ್ಲಿ ದೊಡ್ಡ ತಂಡದಲ್ಲಿ 64ಕ್ಕೆ ಆರೇ ಹಿಟ್, ಸರಾಸರಿ 0.094. ಇಳಿಸುತ್ತಾ ಇಳಿಸುತ್ತಾ ಬೋವಿವರೆಗೂ ಇಳಿಸಿದರು. ಅವನು ಎಡಗೈ, ಬಲಗೈ ಎರಡರಲ್ಲೂ ಬ್ಯಾಟ್ ಮಾಡ್ತಿದ್ದ. 2021ಕ್ಕೆ ಮೊದಲು ಬಲಗೈ ಆಟವನ್ನೇ ಬಿಟ್ಟುಬಿಟ್ಟ, ಎಡಗೈಯಲ್ಲಿ ಮಾತ್ರ ಆಡ್ತೀನಿ ಅಂದ. ಆ ವರ್ಷ 30 ಹೋಮ್ ರನ್ ಹೊಡೆದ, 30 ಬೇಸ್ ಕದ್ದ (ಯಾರೂ ಹೊಡೆಯದಿದ್ದರೂ ಓಡಿ ಮುಂದಿನ ಬೇಸ್ ಹಿಡಿಯೋದು). ಒರಿಯೋಲ್ಸ್ ಇತಿಹಾಸದಲ್ಲಿ ಒಂದೇ ವರ್ಷ ಇವೆರಡನ್ನೂ ಮಾಡಿದ ಮೊದಲಿಗ. ಅದೂ 110 ಪಂದ್ಯ ಸೋತ ತಂಡದಲ್ಲಿ! ಆ ಖಾಲಿ ಸಾಲಿನಲ್ಲಿ ಕೂತು ನಾನು ನೋಡ್ತಿದ್ದಿದ್ದು ಇವನನ್ನೇ.

ಪಟ್ಟಿಗಳ ವಿಷಯಕ್ಕೆ ಬಂದರೆ, ಮಚಾಡೊಗೆ ಬದಲಾಗಿ ಬಂದ ಐವರಲ್ಲಿ ಎಲ್ಲರೂ ಕುಣಿದಾಡಿದ್ದು ಯುಸ್ನಿಯೆಲ್ ಡಿಯಾಜ್ ಅನ್ನೋ ಹುಡುಗನಿಗೆ. ಅವನು ದೊಡ್ಡ ತಂಡದಲ್ಲಿ ನೆಲೆ ನಿಲ್ಲಲೇ ಇಲ್ಲ. ಅದೇ ಗುಂಪಿನಲ್ಲಿ ಅಷ್ಟೇನೂ ಸದ್ದಿಲ್ಲದೆ ಬಂದ ಪಿಚರ್ (ಚೆಂಡು ಎಸೆಯುವವನು) ಡೀನ್ ಕ್ರೆಮರ್ 2023ರಲ್ಲಿ 13 ಪಂದ್ಯ ಗೆದ್ದುಕೊಟ್ಟ. ಇಲಾಯಸ್ ಬಂದ ಹ್ಯೂಸ್ಟನ್ ತಂಡವೇ ಮರುಕಟ್ಟುವಿಕೆಗೆ ಮಾದರಿ ಅಂತಾರೆ. ಅವರೂ 2014ರಲ್ಲಿ ಜೆ. ಡಿ. ಮಾರ್ಟಿನೆಜ್‌ನನ್ನು ಬೇಡ ಅಂತ ಬಿಟ್ಟುಬಿಟ್ಟಿದ್ದರು. ಅವನು ಡೆಟ್ರಾಯಿಟ್‌ಗೆ ಹೋಗಿ ದೊಡ್ಡ ಹೊಡೆತಗಾರನಾದ. ಸಂಬಳ ತಗೊಂಡು ಇದೇ ಕೆಲಸ ಮಾಡುವವರೇ ಎಡವುತ್ತಾರೆ, ಇನ್ನು ನಾವು ನೀವು ಯಾವ ಲೆಕ್ಕ?

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಪಿಚರ್ ಹೆಸರಿನ ಜೆರ್ಸಿ ಬೇಡವೇ ಬೇಡ. ಹುಡುಗ ಎಷ್ಟೇ ಚೆನ್ನಾಗಿರಲಿ, ಮೊಣಕೈ ಯಾವತ್ತು ಕೈ ಕೊಡುತ್ತದೆ ಹೇಳೋಕಾಗಲ್ಲ. ಜಾನ್ ಮೀನ್ಸ್ 2021ರ ಮೇ ತಿಂಗಳಲ್ಲಿ ಸಿಯಾಟಲ್‌ನಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದ. ಮುಂದಿನ ವರ್ಷ ಮೊಣಕೈ ಆಪರೇಷನ್. ಫೆಲಿಕ್ಸ್ ಬಟಿಸ್ಟಾ, ಕೈಲ್ ಬ್ರ್ಯಾಡಿಶ್, ಇವರಿಬ್ಬರಿಗೂ ಅದೇ ಗತಿ. ಗ್ರೇಸನ್ ರಾಡ್ರಿಗಸ್ ಅಂತೂ ನಮ್ಮೆಲ್ಲರ ಕಣ್ಮಣಿ. 2025ರಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ, ವರ್ಷ ಮುಗಿದ ಮೇಲೆ ಅವನನ್ನು ಬೇರೆ ತಂಡಕ್ಕೆ ಕೊಟ್ಟೇಬಿಟ್ಟರು. ನನ್ನ ಬೀರುವಿನಲ್ಲಿ ಅವನ ಹೆಸರಿನ ಜೆರ್ಸಿ ಇದೆ. ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳ್ತಿರೋದು.

ಹುಡುಗರು ಬಂದು ತಂಡ ಏನಾಯಿತು ಅಂತ ಕೇಳ್ತೀರಲ್ವಾ? 2022ರ ಮೇ 21ರಂದು ರಚ್‌ಮನ್ ಮೊದಲ ಪಂದ್ಯ ಆಡಿದ. ಅಲ್ಲಿವರೆಗೆ 16 ಗೆಲುವು, 24 ಸೋಲು. ಅಲ್ಲಿಂದ ಮುಂದೆ 67 ಗೆಲುವು, 55 ಸೋಲು. 2023ರಲ್ಲಿ 101 ಪಂದ್ಯ ಗೆದ್ದು ತಮ್ಮ ವಿಭಾಗದಲ್ಲಿ ಮೊದಲ ಸ್ಥಾನ. ಪ್ಲೇಆಫ್‌ನಲ್ಲಿ ಟೆಕ್ಸಸ್ ಎದುರು ಮೂರಕ್ಕೆ ಮೂರೂ ಸೋಲು. 2024ರಲ್ಲಿ ಕ್ಯಾನ್ಸಸ್ ಸಿಟಿ ಎದುರು ಎರಡಕ್ಕೆ ಎರಡೂ ಸೋಲು. 2025ರಲ್ಲಿ 75 ಗೆಲುವು, ವಿಭಾಗದಲ್ಲಿ ಕೊನೆಯ ಸ್ಥಾನ, ಮೇ ತಿಂಗಳಲ್ಲೇ ಮ್ಯಾನೇಜರ್ ಬ್ರ್ಯಾಂಡನ್ ಹೈಡ್ ಮನೆಗೆ. ನನ್ನ ಲೆಕ್ಕದಲ್ಲಿ ಬ್ಯಾಟರ್‌ಗಳನ್ನು ಕೂಡಿಸಿದ್ದು ಸರಿ, ಪಿಚರ್‌ಗಳಿಗೆ ಹೊತ್ತಿಗೆ ಸರಿಯಾಗಿ ದುಡ್ಡು ಬಿಚ್ಚದೇ ಇದ್ದಿದ್ದು ತಪ್ಪು. ರಚ್‌ಮನ್ ಕೂಡ ಮೊದಲಿನ ಹಾಗಿಲ್ಲ. 2023ರಲ್ಲಿ 20 ಹೋಮ್ ರನ್ ಹೊಡೆದವನು 2025ರಲ್ಲಿ ಗಾಯ ಮಾಡಿಕೊಂಡು ಒಂಬತ್ತಕ್ಕೆ ನಿಂತ. ಕ್ಯಾಚರ್ ಕೆಲಸ ಅಂದರೆ ವರ್ಷಪೂರ್ತಿ ಕುಕ್ಕರಗಾಲಲ್ಲಿ ಕೂತು ಏಟು ತಿನ್ನೋದು. ಬೆನ್ನು ಮೊಣಕಾಲು ಸವೆಯದೇ ಇರುತ್ತಾ?

ಇನ್ನೊಂದು ಅಂಗಡಿ ಲೆಕ್ಕ ಇದೆ. ಹುಡುಗ ಚೆನ್ನಾಗಿ ಆಡಿದರೂ ಇಲ್ಲೇ ಇರಬೇಕಲ್ಲ. ದೊಡ್ಡ ಲೀಗ್‌ನಲ್ಲಿ ಆರು ವರ್ಷದ ಸೇವೆ ಮುಗಿದರೆ ಆಟಗಾರ ಬೇಕಾದ ತಂಡಕ್ಕೆ ಹೋಗಬಹುದು. ಹೊಸ ಒಪ್ಪಂದ ಆಗದಿದ್ದರೆ ರಚ್‌ಮನ್ 2027ರ ನಂತರ, ಹೆಂಡರ್ಸನ್ 2028ರ ನಂತರ ಹೊರಡಬಹುದು. 2025ರ ಆಗಸ್ಟ್‌ನಲ್ಲಿ ಬಂದ ಸ್ಯಾಮ್ಯುಯೆಲ್ ಬಸಾಯೊಗೆ ಮಾತ್ರ ಬಂದ ವಾರದಲ್ಲೇ ಎಂಟು ವರ್ಷಕ್ಕೆ 6.7 ಕೋಟಿ ಡಾಲರ್ ಕೊಟ್ಟು ಕಟ್ಟಿಹಾಕಿದ್ದಾರೆ. ಆಗಷ್ಟೇ ಇಪ್ಪತ್ತೊಂದು ತುಂಬಿದ ಡೊಮಿನಿಕನ್ ಹುಡುಗ, ಆಜಾನುಬಾಹು, ಚೆಂಡಿಗೆ ಬ್ಯಾಟ್ ತಾಗಿದರೆ ಸದ್ದೇ ಬೇರೆ. ಆದರೆ ಅವನೂ ಕ್ಯಾಚರ್. ಜೊತೆಗೆ ದೂರದ ಚೆಂಡಿಗೂ ಬೀಸುವ ಚಾಳಿ ಇದೆ. ಅದನ್ನು ಬಿಟ್ಟರೆ ಬೆಂಕಿ, ಬಿಡದಿದ್ದರೆ ನಿಮ್ಮ ಬೀರುವಿನಲ್ಲೂ ಒಂದು ಹಳೇ ಜೆರ್ಸಿ.

ನಾನಾಗಿದ್ದರೆ ಹೆಂಡರ್ಸನ್‌ದೇ ಕೊಡಿಸ್ತಿದ್ದೆ, 2 ನಂಬರ್. ಮಗನಿಗೆ ಈಗ ಒಂಬತ್ತು ಅಂದಿರಿ. ಒಂದು ಸೈಜ್ ದೊಡ್ಡದೇ ತಗೊಳ್ಳಿ, 2028ರವರೆಗೆ ಆಗಬೇಕು.