ಹಾಸಿಗೆ ಪಕ್ಕ ಕೂತು ಕಾರಣ ಹೇಳಬೇಡಿ

ಆಸ್ಪತ್ರೆಯ ಚಾಪ್ಲಿನ್ ಆಗಿ, ಅಂದರೆ ರೋಗಿಗಳ ಜೊತೆ ಕೂತು ಪ್ರಾರ್ಥಿಸುವ ಪಾದ್ರಿಯಾಗಿ, ನನಗೆ ರೋಗಿಗಳಿಗಿಂತ ಅವರನ್ನು ನೋಡಲು ಬರುವವರ ಚಿಂತೆಯೇ ಜಾಸ್ತಿ. ಸಂಜೆ ಆಗುತ್ತಿದ್ದಂತೆ ವಾರ್ಡಿಗೆ ಬರುತ್ತಾರೆ. ಕೈಯಲ್ಲಿ ಮೂಸಂಬಿ, ಕಂಕುಳಲ್ಲಿ ಸತ್ಯವೇದ (ಬೈಬಲ್). ಪ್ರೀತಿಯಿಂದಲೇ ಬರುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಕೂತು ಐದು ನಿಮಿಷವಾಗುವಷ್ಟರಲ್ಲಿ ಶುರು: ‘ದೇವರು ನಿಮ್ಮನ್ನ ಪರೀಕ್ಷೆ ಮಾಡ್ತಿದ್ದಾರೆ.’ ‘ಇದರ ಹಿಂದೆ ಏನೋ ಉದ್ದೇಶ ಇದೆ.’ ‘ಅರಿಕೆ ಮಾಡದ ಪಾಪ ಏನಾದ್ರೂ ಉಳಿದಿದೆಯಾ, ನೋಡ್ಕೊಳ್ಳಿ.’ ಒಂದು ಪ್ರಾರ್ಥನೆ ಮಾಡಿ ಹೊರಟುಬಿಡುತ್ತಾರೆ. ಆ ಮಾತನ್ನು ಇಟ್ಟುಕೊಂಡು ರಾತ್ರಿ ಕಳೆಯಬೇಕಾದವರು ಮಾತ್ರ ಅಲ್ಲೇ ಇರುತ್ತಾರೆ.

ಮಕ್ಕಳ ವಾರ್ಡಿನಲ್ಲಿ ಒಬ್ಬ ತಾಯಿ ಇದ್ದರು. ಮಗುವಿಗೆ ರಕ್ತದ ಕ್ಯಾನ್ಸರ್, ಕೂದಲೆಲ್ಲ ಉದುರಿತ್ತು. ಮಗುವಿನ ಉಲ್ಲನ್ ಟೋಪಿಯನ್ನು ಮಡಚುತ್ತಾ, ಬಿಚ್ಚುತ್ತಾ ಕೇಳಿದರು: ‘ಅಯ್ಯನವರೇ, ಮದುವೆಗೆ ಮುಂಚೆ ನಾನು ಅಪ್ಪನಿಗೆ ಸುಳ್ಳು ಹೇಳಿ ದುಡ್ಡು ತಗೊಂಡಿದ್ದೆ. ಅದಕ್ಕೇನಾ ಇದು?’ ಮಧ್ಯಾಹ್ನ ಯಾರೋ ಬಂದು ಹೋಗಿದ್ದರು ಅಂತ ಆಮೇಲೆ ಗೊತ್ತಾಯಿತು. ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ.

ಇಂಥವರೆಲ್ಲ ಯೋಬನ ಹೆಸರು ಹೇಳುತ್ತಾರೆ, ತಪ್ಪಿಲ್ಲದೆ ಕಷ್ಟಪಟ್ಟ ಆ ಭಕ್ತನದು. ದಯವಿಟ್ಟು ಸತ್ಯವೇದದಲ್ಲಿರುವ ಅವನ ಪುಸ್ತಕವನ್ನು ಪೂರ್ತಿ ಓದಿ. ಮೊದಲ ಎರಡು ಅಧ್ಯಾಯ ಮತ್ತು ಕೊನೆಯದು ಮಾತ್ರ ಓದಿದರೆ ಸಾಲದು, ಒಟ್ಟು 42 ಇವೆ. ಯೋಬ ಹತ್ತು ಮಕ್ಕಳನ್ನು ಕಳೆದುಕೊಂಡ. ಅವನ ಸ್ನೇಹಿತರಾದ ಎಲೀಫಜ, ಬಿಲ್ದದ, ಚೋಫರ ಬಂದರು. ಗಟ್ಟಿಯಾಗಿ ಅತ್ತರು, ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತರು. ಅಲ್ಲಿಯವರೆಗೆ ಅವರಷ್ಟು ಒಳ್ಳೆಯ ಸ್ನೇಹಿತರಿಲ್ಲ. ಆಮೇಲೆ ಕಾರಣ ಹುಡುಕಲು ಹೊರಟರು. ನಿರಪರಾಧಿ ಯಾವನಾದರೂ ನಾಶವಾದದ್ದುಂಟೇ ಅಂದ ಎಲೀಫಜ. ನಿನ್ನ ಮಕ್ಕಳು ಪಾಪ ಮಾಡಿರಬೇಕು, ಅದಕ್ಕೇ ಹೀಗಾಯಿತು ಅಂದ ಬಿಲ್ದದ. ಮಕ್ಕಳನ್ನು ಮಣ್ಣು ಮಾಡಿದ ತಂದೆಯ ಎದುರಿಗೆ! ನಿನ್ನ ಪಾಪಕ್ಕೆ ಹೋಲಿಸಿದರೆ ದೇವರು ಕೊಟ್ಟ ಶಿಕ್ಷೆಯೇ ಕಡಿಮೆ ಅಂದ ಚೋಫರ.

ಇವರ ಮಾತು ಕೇಳೋಕೆ ಭಕ್ತಿಯ ಮಾತೇ. ಇವರು ದೇವರ ಪರವಾಗಿ ವಾದಿಸಿದರು. ಯೋಬ ಹುಟ್ಟಿದ ದಿನವನ್ನೇ ಶಪಿಸಿದ, ದೇವರ ಜೊತೆ ಜಗಳಕ್ಕೇ ನಿಂತ. ಕೊನೆಯ ಅಧ್ಯಾಯದಲ್ಲಿ ದೇವರಿಗೆ ಸಿಟ್ಟು ಬಂದದ್ದು ಯಾರ ಮೇಲೆ? ಈ ಮೂವರ ಮೇಲೆ. ನನ್ನ ಸೇವಕ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅಂತ ದೇವರೇ ಹೇಳುತ್ತಾರೆ. ಏಳು ಹೋರಿ, ಏಳು ಟಗರು ತಂದು ಬಲಿ ಕೊಡಬೇಕಾಯಿತು. ಅವರಿಗಾಗಿ ಪ್ರಾರ್ಥಿಸಬೇಕಾದವನು ಯೋಬನೇ.

ಇನ್ನೊಂದು ವಿಷಯ ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲವನ್ನೂ ಕಿತ್ತುಕೊಂಡರೆ ಯೋಬ ನಿನ್ನನ್ನು ದೂಷಿಸುತ್ತಾನೆ ಅಂತ ಸೈತಾನ ದೇವರಿಗೆ ಹಾಕಿದ ಸವಾಲು ಓದುಗರಾದ ನಮಗೆ ಮೊದಲೇ ಗೊತ್ತು. ಯೋಬನಿಗೆ ಅದು ಕೊನೆಯವರೆಗೂ ಗೊತ್ತಾಗುವುದಿಲ್ಲ. 38ನೇ ಅಧ್ಯಾಯದಿಂದ ದೇವರು ಅಷ್ಟು ಮಾತಾಡಿದರೂ ಕಾರಣ ಹೇಳುವುದಿಲ್ಲ. ಆದರೆ ದೇವರು ಅವನ ಹತ್ತಿರ ಬಂದರು, ಅವನೊಂದಿಗೆ ಮಾತಾಡಿದರು. ಯೋಬನಿಗೆ ಸಿಕ್ಕಿದ್ದು ಅದು. ದೇವರೇ ಹೇಳದ ಕಾರಣವನ್ನು ನಾವು ಮೂಸಂಬಿ ಚೀಲ ಹಿಡಿದುಕೊಂಡು ಹೋಗಿ ಹೇಳಬಹುದಾ?

ಯೇಸುವಿನ ಹತ್ತಿರವೂ ಇದೇ ಪ್ರಶ್ನೆ ಬಂದಿತ್ತು. ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಅಂದರು. ಇಬ್ಬರೂ ಅಲ್ಲ ಅಂದ ಯೇಸು, ಕೆಸರು ಕಲಸಿ ಅವನ ಕಣ್ಣಿಗೆ ಹಚ್ಚಿದ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತಾಗಲೂ ಅಷ್ಟೇ. ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಅಂದ. ಮಾನಸಾಂತರದ ಮಾತು, ಅಂದರೆ ಪಾಪ ಬಿಟ್ಟು ದೇವರ ಕಡೆ ತಿರುಗಿ ಅನ್ನುವ ಮಾತು, ಹೇಳಿದ್ದು ಎದುರಿಗೆ ನಿಂತು ಕೇಳುತ್ತಿದ್ದವರಿಗೆ, ಸತ್ತವರ ಬಗ್ಗೆ ಅಲ್ಲ. ಆ ತಾಯಿಗೆ ನಾನು ಓದಿ ಹೇಳಿದ್ದು ಈ ಎರಡೇ ಭಾಗ. ಮಾರನೇ ದಿನವೂ ಅದೇ ಪ್ರಶ್ನೆ ಕೇಳಿದರು, ಮತ್ತೆ ಓದಿದೆ.

ಕಷ್ಟಕ್ಕೆ ಅರ್ಥವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ರೋಗಿಗಳು ತಾವಾಗಿಯೇ, ತಿಂಗಳುಗಟ್ಟಲೆ ಒದ್ದಾಡಿದ ಮೇಲೆ, ಈ ಕಾಯಿಲೆಯಲ್ಲೇ ದೇವರನ್ನು ಕಂಡೆ ಅಂದಿದ್ದಾರೆ. ಆ ಮಾತು ಅವರ ಬಾಯಿಂದ ಬರಬೇಕು. ಸತ್ಯವೇದದಲ್ಲಿ, ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಎಲ್ಲವೂ ಹಿತಕ್ಕಾಗಿ ಅನ್ನುವ 28ನೇ ವಚನ ನನಗೂ ಇಷ್ಟ. ಅದನ್ನು ಬರೆದ ಅಪೊಸ್ತಲ ಪೌಲ ಸ್ವತಃ ಪೆಟ್ಟು ತಿಂದವನು, ಸೆರೆಮನೆ ಕಂಡವನು. ಎರಡು ವಚನ ಹಿಂದೆ ಹೋದರೆ, ಹೇಗೆ ಪ್ರಾರ್ಥಿಸಬೇಕೆಂದೇ ತಿಳಿಯದವರಿಗಾಗಿ ಪವಿತ್ರಾತ್ಮನು ಮಾತಿಲ್ಲದೆ ನರಳುತ್ತಾನೆ ಅಂತಲೂ ಇದೆ. ಅದನ್ನು ಯಾರೂ ಓದುವುದಿಲ್ಲ. ಕುಡಿತದಿಂದ ಲಿವರ್ ಹಾಳಾದವರಿಗೆ ಕಾರಣ ಡಾಕ್ಟರೇ ಹೇಳಿರುತ್ತಾರೆ, ನಾವು ನೆನಪಿಸಬೇಕಾಗಿಲ್ಲ. ರೋಗಿಯೇ ಪಾಪ ಅರಿಕೆ ಮಾಡಬೇಕು ಅಂದರೆ ಬೇರೆ ಮಾತು. ಆಗ ಕೇಳಿಸಿಕೊಳ್ಳಿ, ಅವರು ಒಪ್ಪಿದರೆ ಸಭಾಪಾಲಕರನ್ನು (ಚರ್ಚಿನ ಪಾದ್ರಿಯನ್ನು) ಕರೆಸಿ.

ಹಾಗಾದ್ರೆ ಏನು ಮಾತಾಡೋದು ಅಂತ ಕೇಳುತ್ತಾರೆ. ನಿದ್ದೆ ಬಂತಾ, ಊಟ ಸೇರ್ತಾ ಅಂತ ಕೇಳಿ. ವಚನ ಓದಲಾ ಅಂತ ಮೊದಲು ಒಪ್ಪಿಗೆ ಪಡೆಯಿರಿ. ಬೇಡ ಅಂದರೆ ಬಿಡಿ. ಓದಿ ಅಂದರೆ 88ನೇ ಕೀರ್ತನೆಯನ್ನೂ ಓದಬಹುದು. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಸತ್ಯವೇದದಲ್ಲಿ ಅದಕ್ಕೆ ಜಾಗ ಇದೆ. ಒಂದು ಚರ್ಚಿನ ಯೌವನಸ್ಥರು ಸರದಿ ಹಾಕಿಕೊಂಡು ರಾತ್ರಿ ಆಸ್ಪತ್ರೆಯಲ್ಲಿ ಉಳಿದರು, ರೋಗಿಯ ಹೆಂಡತಿ ಮನೆಗೆ ಹೋಗಿ ಮಲಗಲಿ ಅಂತ. ನೀವೂ ಹಾಗೆ ಮಾಡುವುದಾದರೆ ರಾತ್ರಿ ಎಷ್ಟು ಜನರನ್ನು ಬಿಡುತ್ತಾರೆ ಅಂತ ಸಿಸ್ಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಡಯಾಲಿಸಿಸ್ ಆದ ದಿನ ಸಂಜೆ ಯಾರೂ ಹೋಗಬೇಡಿ, ಅವತ್ತು ಅವರಿಗೆ ತುಂಬಾ ಸುಸ್ತಾಗಿರುತ್ತದೆ.