ಮೀನು ಬಿಡಿ, ನೀರು ನೋಡಿ

ಆ ತೊಟ್ಟಿಯ ಮುಂದೆ ಹೆಚ್ಚುಕಡಿಮೆ ಒಂದು ಗಂಟೆ ನಿಂತಿದ್ದೆ. ಅಕ್ಕನ ಮಗಳು ಎರಡು ಸಲ ಬಂದು ಕೈ ಹಿಡಿದು ಎಳೆದಳು. "ಮಾಮ, ಜೆಲ್ಲಿ ಮೀನು ನೋಡೋಣ ಬಾ. ಇಲ್ಲೇನಿದೆ, ಬರೀ ಸೊಪ್ಪು!" ಅಂದಳು.

ಬೇಸಿಗೆ ರಜೆಗೆ ಅಕ್ಕನ ಮನೆಗೆ ಹೋಗಿದ್ದೆವು, ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ. ಮಕ್ಕಳ ಮನೆಗೆಂದು ಆ ಕಡೆ ಹೋಗುವ ನಮ್ಮವರು ಒಂದು ದಿನ ಮಾಂಟೆರೆಗೆ ಹೋಗಿಬರುತ್ತಾರೆ. ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಅಲ್ಲಿನ ಮಾಂಟೆರೆ ಬೇ ಅಕ್ವೇರಿಯಂ ಸಮುದ್ರದ ದಡದಲ್ಲೇ ಇದೆ. ಅವಳು ಸೊಪ್ಪು ಅಂದಿದ್ದು ಕೆಲ್ಪ್‌ಗೆ. ಅದೊಂದು ಕಡಲಪಾಚಿ. ಪಾಚಿ ಅಂದರೆ ನಮಗೆ ಬಾವಿ ಮೆಟ್ಟಿಲ ಮೇಲಿನ ಜಾರುವ ಹಸಿರು ನೆನಪಾಗುತ್ತದೆ, ಆದರೆ ಇದು ತೆಂಗಿನ ಮರಕ್ಕಿಂತ ಎತ್ತರ ಬೆಳೆಯುತ್ತದೆ. ಬೇರಿಲ್ಲ, ಬೇರಿನಂತೆ ಕಾಣುವ ಹಿಡಿಕೆ ಬಂಡೆಯನ್ನು ಕಚ್ಚಿಕೊಂಡಿರುತ್ತದೆ. ಪ್ರತಿ ಎಲೆಯ ಬುಡದಲ್ಲಿ ಒಂದು ಗಾಳಿ ತುಂಬಿದ ಬುಗ್ಗೆ. ಆ ಬುಗ್ಗೆಗಳೇ ಇಡೀ ಬಳ್ಳಿಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತವೆ.

ತೊಟ್ಟಿ 8.5 ಮೀಟರ್ ಎತ್ತರ ಇದೆ. ಅಂದರೆ ಮೂರು ಮಹಡಿಯಷ್ಟು. ಒಳಗೆ ಸುಮಾರು 13 ಲಕ್ಷ ಲೀಟರ್ ಸಮುದ್ರದ ನೀರು. ತಳದಲ್ಲಿ ಪ್ರತಿ ಚದರ ಮೀಟರ್ ಮೇಲೆ ಎಂಟೂವರೆ ಟನ್ ಭಾರ ಬೀಳುತ್ತದೆ, ಅದಕ್ಕೇ ಕಿಟಕಿಗೆ ಗಾಜಿನ ಬದಲು ಗೇಣುದ್ದ ದಪ್ಪದ ಅಕ್ರಿಲಿಕ್. ಮೇಲೆ ಚಾವಣಿ ಇಲ್ಲ, ಬಿಸಿಲು ನೇರವಾಗಿ ಇಳಿಯುತ್ತದೆ. ಮೈಮೇಲೆ ಚಿರತೆಯಂಥ ಮಚ್ಚೆ ಇರುವ ಶಾರ್ಕ್‌ಗಳು ತಿರುಗುತ್ತಿದ್ದವು, ಸಾರ್ಡೀನ್‌ಗಳ ಹಿಂಡು ಬೆಳ್ಳಿ ಪರದೆಯ ಹಾಗೆ ಮಡಚಿಕೊಂಡು ಬಿಚ್ಚಿಕೊಂಡು ಹೋಗುತ್ತಿತ್ತು. ಎಲ್ಲರ ಫೋನ್ ಅವುಗಳ ಹಿಂದೆ. ನಾನು ನೋಡುತ್ತಿದ್ದದ್ದು ಬೇರೆ. ಕೆಲವು ಸೆಕೆಂಡಿಗೊಮ್ಮೆ ಇಡೀ ಕಾಡು ಎಡಕ್ಕೆ ವಾಲುತ್ತಿತ್ತು. ಒಂದು ಕ್ಷಣ ನಿಲ್ಲುತ್ತಿತ್ತು. ಆಮೇಲೆ ಬಲಕ್ಕೆ. ಎಲೆಗಳ ನಡುವೆ ಸುಮ್ನೆ ತೇಲುತ್ತಿದ್ದ ದಪ್ಪ ಮೀನುಗಳೂ ಅದರ ಜೊತೆಗೇ ಎಡಕ್ಕೆ, ಬಲಕ್ಕೆ. ತೊಟ್ಟಿಯೇ ಉಸಿರಾಡುತ್ತಿದೆ ಅನ್ನಿಸಿತು.

ಈ ವಾಲಾಟ ಚೆಂದಕ್ಕಾಗಿ ಮಾಡಿದ್ದಲ್ಲ. ಅದು ನಿಂತರೆ ಕೆಲ್ಪ್ ಸಾಯುತ್ತದೆ.

ಯಾಕೆ ಅಂತ ಕೇಳಿದರೆ ತುಂಬಾ ಜನ "ಅಲೆ ಇದ್ದರೆ ಆಮ್ಲಜನಕ ಬರುತ್ತೆ" ಅಂದುಬಿಡುತ್ತಾರೆ. ವಿಷಯ ಅದಕ್ಕಿಂತ ಸೊಗಸಾಗಿದೆ. ನೀರು ಎಷ್ಟೇ ಜೋರಾಗಿ ಹರಿಯಲಿ, ಯಾವುದೇ ವಸ್ತುವಿಗೆ ತಾಗಿಕೊಂಡಿರುವ ತೆಳ್ಳನೆಯ ಒಂದು ಪದರ ಮಾತ್ರ ಅಲ್ಲಾಡುವುದಿಲ್ಲ, ಅಂಟಿಕೊಂಡು ಕೂತಿರುತ್ತದೆ. ನಿಂತ ಪದರ ಅನ್ನೋಣ. ಕೆಲ್ಪ್ ಎಲೆ ತನಗೆ ಬೇಕಾದ ನೈಟ್ರೇಟನ್ನೂ ಇಂಗಾಲವನ್ನೂ ನೀರಿನಿಂದಲೇ ಹೀರಬೇಕು. ಪದರದಲ್ಲಿ ಇದ್ದದ್ದನ್ನು ಬೇಗ ಹೀರಿ ಮುಗಿಸುತ್ತದೆ. ಆಮೇಲೆ? ಹೊರಗಿನ ನೀರಿನಲ್ಲಿ ಊಟ ಬೇಕಾದಷ್ಟಿದೆ, ಆದರೆ ಅದು ಆ ಪದರವನ್ನು ದಾಟಿ ಬರಬೇಕು. ಮದುವೆ ಮನೆಯ ಹಾಗೆ. ಅಡುಗೆಮನೆಯಲ್ಲಿ ಕೊಪ್ಪರಿಗೆ ತುಂಬ ಅನ್ನ ಇದೆ, ಬಡಿಸುವವರು ಪಂಕ್ತಿಗೆ ಬರದಿದ್ದರೆ ನಮ್ಮ ಎಲೆ ಖಾಲಿ.

ದಾಟಿ ಬರೋದು ಎಷ್ಟು ಹೊತ್ತಿನ ಕೆಲಸ? ನಿಂತ ನೀರಿನಲ್ಲಿ ನೈಟ್ರೇಟ್ ಕಣ ಅಡ್ಡಾದಿಡ್ಡಿ ಅಲೆಯುತ್ತದೆ. ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಪಕ್ಕಕ್ಕೆ, ಮತ್ತೆ ಹಿಂದಕ್ಕೆ. ಹೀಗೆ ಅಲೆದು ಒಂದು ಮಿಲಿಮೀಟರ್ ದೂರ ಹೋಗಲು ಅದಕ್ಕೆ ಸುಮಾರು 4 ನಿಮಿಷ ಬೇಕು. ಪರವಾಗಿಲ್ಲ ಅನ್ನಿಸುತ್ತೆ ಅಲ್ವಾ? ಆದರೆ ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟಾಗುತ್ತದೆ. ಒಂದು ಸೆಂಟಿಮೀಟರಿಗೆ ಸುಮಾರು 7 ಗಂಟೆ. ಹತ್ತು ಸೆಂಟಿಮೀಟರಿಗೆ ಒಂದು ತಿಂಗಳು. ಒಂದು ಮೀಟರಿಗೆ 8 ವರ್ಷ! ಲೆಕ್ಕ ಸರಿಯಾಗಿದೆ, ನಾನು ವಾಪಸ್ ಬರುವಾಗ ಕಾರಿನಲ್ಲಿ ಎರಡು ಸಲ ಮಾಡಿ ನೋಡಿದೆ. ಕಾಫಿಗೆ ಸಕ್ಕರೆ ಹಾಕಿ ಕದಡದೆ ಬಿಟ್ಟರೆ ಕೊನೆಯ ಗುಟುಕು ಮಾತ್ರ ಸಿಹಿ ಇರುತ್ತದಲ್ಲ, ಅದೂ ಇದೇ.

ಈ ನಿಂತ ಪದರ ಒಮ್ಮೆ ತಲೆಗೆ ಹೊಕ್ಕರೆ ಮನೆಯಲ್ಲೆಲ್ಲ ಅದೇ ಕಾಣುತ್ತದೆ. ಬಿಸಿ ಕಾಫಿಯನ್ನು ಊದುತ್ತೇವೆ. ನಮ್ಮ ಉಸಿರು ತಣ್ಣಗಿದೆ ಅಂತಲ್ಲ, ಲೋಟದ ಮೇಲೆ ಕೂತ ಹಬೆಯ ಪದರವನ್ನು ಅದು ಆಚೆ ತಳ್ಳುತ್ತದೆ ಅಂತ. ಒಗೆದ ಬಟ್ಟೆ ಗಾಳಿ ಇಲ್ಲದ ದಿನ ಬಿಸಿಲಿದ್ದರೂ ನಿಧಾನವಾಗಿ ಒಣಗುತ್ತದೆ. ಕಾಲುನೋವಿಗೆ ಬಿಸಿನೀರಿನ ಬಕೆಟ್‌ನಲ್ಲಿ ಕಾಲಿಟ್ಟು ಅಲ್ಲಾಡದೆ ಕೂತರೆ ಬಿಸಿ ತಡೆಯಬಹುದು. ಕಾಲು ಒಂಚೂರು ಆಡಿಸಿದರೆ ಚುರುಕ್ ಅನ್ನುತ್ತದೆ. ನೀರು ಅದೇ, ಬಿಸಿಯೂ ಅದೇ. ಹೋಗಿದ್ದು ಪದರ ಮಾತ್ರ. ಕೆಲ್ಪ್ ಕೂಡ ತನ್ನ ಕೈಲಾದಷ್ಟು ಮಾಡುತ್ತದೆ. ಕಿಟಕಿಗೆ ಹತ್ತಿರ ಬಂದ ಒಂದು ಎಲೆಯನ್ನು ಚೆನ್ನಾಗಿ ನೋಡಿದೆ. ಮೈಯೆಲ್ಲ ಉದ್ದುದ್ದ ಸುಕ್ಕು, ಅಂಚಿನಲ್ಲಿ ಗರಗಸದಂಥ ಪುಟ್ಟ ಮುಳ್ಳು. ನಯವಾದ ಎಲೆಗಿಂತ ಇಂಥ ಎಲೆ ಅಲೆಗೆ ಸಿಕ್ಕಿ ಪಟಪಟ ಬಡಿದುಕೊಳ್ಳುತ್ತದೆ, ಬಡಿದುಕೊಂಡಾಗ ಪದರ ಕಿತ್ತುಹೋಗುತ್ತದೆ, ಹೊಸ ನೀರು ಸಿಗುತ್ತದೆ.

ತೊಟ್ಟಿಯೊಳಗಿನ ನೀರನ್ನು ಹೀಗೆ ಅಲ್ಲಾಡಿಸುತ್ತಲೇ ಇರುವುದು ಹೇಗೆ? ಅಕ್ವೇರಿಯಂ ಕಟ್ಟುವಾಗ ದೊಡ್ಡ ಪ್ರಶ್ನೆಯೇ ಇದಾಗಿತ್ತು. ಆ ಜಾಗದಲ್ಲಿ ಮೊದಲಿದ್ದದ್ದು ಹೋವ್ಡನ್ ಅನ್ನುವ ಸಾರ್ಡೀನ್ ಡಬ್ಬಿ ಕಾರ್ಖಾನೆ. ಆ ಬೀದಿ ತುಂಬ ಅಂಥವೇ ಇದ್ದವು. 1940ರ ದಶಕದ ಕೊನೆಗೆ ಸಾರ್ಡೀನ್ ಸಿಗುವುದೇ ನಿಂತಿತು, ಒಂದೊಂದಾಗಿ ಬಾಗಿಲು ಹಾಕಿದವು, ಹೋವ್ಡನ್ 1973ರವರೆಗೆ ಉಳಿದು ಎಲ್ಲಕ್ಕಿಂತ ಕೊನೆಗೆ ಮುಚ್ಚಿತು. ಸಾರ್ಡೀನ್ ಅಂದರೆ ನಮ್ಮ ಕರಾವಳಿಯ ಬೂತಾಯಿಯ ನೆಂಟ. ಎರಡೂ ಕಡೆ ಕತೆ ಒಂದೇ: ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ, ಆಳದ ತಣ್ಣನೆಯ, ಸಾರ ತುಂಬಿದ ನೀರು ಮೇಲೆ ಬರುತ್ತದೆ, ಮೀನಿಗೆ ಊಟವಾಗುತ್ತದೆ. ಅಲ್ಲಿ ವಸಂತ ಮತ್ತು ಬೇಸಿಗೆಯಲ್ಲಿ, ನಮ್ಮಲ್ಲಿ ಮುಂಗಾರಿನಲ್ಲಿ. ಬೂತಾಯಿ ಒಂದು ವರ್ಷ ರಾಶಿ ರಾಶಿ ಬಂದು ಮತ್ತೊಂದು ವರ್ಷ ಮುಖ ತೋರಿಸದೆ ಹೋಗುವುದು ಮಲ್ಪೆಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಅದೇ ಬೀದಿಯಲ್ಲಿ, ಕಾರ್ಖಾನೆಗಳ ನಡುವೆ, ಎಡ್ ರಿಕೆಟ್ಸ್ ಅನ್ನುವವನ ಪುಟ್ಟ ಪ್ರಯೋಗಾಲಯ ಇತ್ತು. ಪದವಿ ಇರಲಿಲ್ಲ ಅವನಿಗೆ. ಕಡಲಜೀವಿಗಳನ್ನು ಹಿಡಿದು ಶಾಲೆ ಕಾಲೇಜುಗಳಿಗೆ ಕಳಿಸುವುದು ಕಸುಬು. ಉಳಿದವರು ಜೀವಿಗಳನ್ನು ಕುಲ ಗೋತ್ರ ನೋಡಿ ಪಟ್ಟಿ ಮಾಡುತ್ತಿದ್ದ ಕಾಲದಲ್ಲಿ ಅವನು ಅಲೆಯ ಹೊಡೆತ ನೋಡಿ ವಿಂಗಡಿಸಿದ. ಅಲೆ ಅಪ್ಪಳಿಸುವ ಬಂಡೆಯವರು ಯಾರು, ಮರೆಯ ಕೊಲ್ಲಿಯವರು ಯಾರು ಅಂತ. 1948ರಲ್ಲಿ ಅವನ ಕಾರಿಗೆ ರೈಲು ಬಡಿದು ತೀರಿಕೊಂಡ. ಅವನು ಬದುಕಿದ್ದು ಆ ತೊಟ್ಟಿಯನ್ನು ನೋಡಬೇಕಿತ್ತು ಅಂತ ನನಗೆ ನಿಜವಾಗಿ ಅನ್ನಿಸಿತು.

ಎಚ್‌ಪಿ ಕಂಪನಿ ಕಟ್ಟಿದ ಡೇವಿಡ್ ಪ್ಯಾಕರ್ಡ್ ಮತ್ತು ಹೆಂಡತಿ ಲುಸಿಲ್ ಸುಮಾರು 5.5 ಕೋಟಿ ಡಾಲರ್ ಕೊಟ್ಟರು. 1984ರ ಅಕ್ಟೋಬರ್ 20ಕ್ಕೆ ಬಾಗಿಲು ತೆರೆಯಿತು. ಡೇವಿಡ್ ಪ್ಯಾಕರ್ಡ್ ದುಡ್ಡು ಕೊಟ್ಟು ಸುಮ್ಮನಾಗಲಿಲ್ಲ. ಕೆಲ್ಪ್ ತೊಟ್ಟಿಯ ಮೇಲೆ ಅಲೆ ಎಬ್ಬಿಸುವ ಯಂತ್ರವನ್ನು ರೂಪಿಸಿದ್ದು ಅವರೇ. ಮೂಲತಃ ಎಂಜಿನಿಯರ್ ಅಲ್ವಾ! ಮೂರು ವರ್ಷದ ನಂತರ ಅವರೇ ಹತ್ತಿರದಲ್ಲಿ ಒಂದು ಸಂಶೋಧನಾ ಸಂಸ್ಥೆಯನ್ನೂ ಶುರುಮಾಡಿದರು. ಅಲ್ಲಿನ ಸಮುದ್ರದಲ್ಲಿ ಒಂದು ಭಾರಿ ಕಂದರವಿದೆ. ದಡದ ಬುಡದಲ್ಲೇ ಶುರುವಾಗಿ ಸಾವಿರಾರು ಮೀಟರ್ ಆಳಕ್ಕೆ ಇಳಿಯುತ್ತದೆ. ಆ ಸಂಸ್ಥೆ ರೋಬೋಟ್‌ಗಳನ್ನು ಇಳಿಸಿ ಅದನ್ನು ಜಾಲಾಡುತ್ತದೆ.

ಈಗ ನಮ್ಮ ಊರಿನ ಕತೆಗೆ ಬರುತ್ತೇನೆ. ಇದನ್ನು ಹೇಳದೆ ಇರಲಾರೆ.

ಬೆಂಗಳೂರಿನಲ್ಲಿ ನನಗೆ ಗೊತ್ತಿರುವ ನಾಲ್ಕೈದು ಮನೆಗಳಲ್ಲಿ "ವಾಸ್ತು ಮೀನು" ಇದೆ. ಅರೋವಾನ ಅನ್ನುವ ದೊಡ್ಡ ಮೀನು ತಂದು ಅದು ತಿರುಗಲೂ ಆಗದ ತೊಟ್ಟಿಗೆ ಹಾಕುತ್ತಾರೆ. ಇಲ್ಲದಿದ್ದರೆ ಗುಂಡು ಬಟ್ಟಲಲ್ಲಿ ಗೋಲ್ಡ್‌ಫಿಶ್. ಅದು ಮೂರನೇ ವಾರಕ್ಕೆ ಸಾಯುತ್ತದೆ. ಆಗ ಹಿರಿಯರು "ಮನೆಗೆ ಬರಬೇಕಿದ್ದ ಕಂಟಕ ಅದು ತಗೊಂಡ್ತು" ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ, ಮಾರನೇ ದಿನ ಇನ್ನೊಂದು ಬರುತ್ತದೆ. ಇದು ನನಗೆ ತುಂಬಾ ಸಂಕಟ ಕೊಡುತ್ತದೆ. ದೃಷ್ಟಿಯಲ್ಲ ರೀ, ಅಮೋನಿಯಾ! ಮೀನು ತನ್ನ ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ. ಆ ವಿಷವನ್ನು ಬದಲಿಸಿ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ಮನೆ ಮಾಡಲು ಕೆಲವು ವಾರ ಬೇಕು. ಅವಕ್ಕೂ ನೀರು ಹರಿಯುತ್ತಿರಬೇಕು. ಹೊಸ ತೊಟ್ಟಿಯಲ್ಲಿ ಅವು ಇರುವುದಿಲ್ಲ, ಗುಂಡು ಬಟ್ಟಲಲ್ಲಿ ನೀರೂ ಹರಿಯುವುದಿಲ್ಲ. ಇನ್ನು ಗುಳ್ಳೆ ಬಿಡುವ ಪಂಪು. ಗುಳ್ಳೆಯೊಳಗಿನ ಗಾಳಿಯನ್ನೇ ಮೀನು ಉಸಿರಾಡುತ್ತದೆ ಅಂದುಕೊಂಡವರು ಜಾಸ್ತಿ. ಮನೆಯ ತೊಟ್ಟಿಯಲ್ಲಿ ಗುಳ್ಳೆಯ ಮುಖ್ಯ ಕೆಲಸ ಕದಡುವುದು. ತಳದ ನೀರನ್ನು ಮೇಲೆ ತರುತ್ತದೆ, ಮೇಲಿನ ಪದರವನ್ನು ಒಡೆಯುತ್ತದೆ, ಆಮ್ಲಜನಕದ ಹೆಚ್ಚಿನ ಪಾಲು ಮೇಲ್ಮೈಯಿಂದಲೇ ಇಳಿಯುತ್ತದೆ.

ಈ ತಪ್ಪು ನಮ್ಮವರದ್ದು ಮಾತ್ರ ಅಲ್ಲ. 1850ರ ದಶಕದಲ್ಲಿ ಇಂಗ್ಲೆಂಡಿನ ಮನೆಮನೆಯಲ್ಲೂ ಗಾಜಿನ ತೊಟ್ಟಿಯ ಹುಚ್ಚು ಹಿಡಿದಿತ್ತು. ಗಿಡ ಆಮ್ಲಜನಕ ಕೊಡುತ್ತದೆ, ಪ್ರಾಣಿ ಇಂಗಾಲದ ಡೈಆಕ್ಸೈಡ್ ಕೊಡುತ್ತದೆ, ಎರಡನ್ನೂ ಹಾಕಿದರೆ ಸಾಕು ಅಂತ ನಂಬಿದರು. ಎಷ್ಟೋ ತೊಟ್ಟಿಗಳು ಕೊಳೆತು ನಾರಿದವು. ದಾರಿ ತೋರಿಸಿದವನು ವಿಲಿಯಂ ಆಲ್‌ಫರ್ಡ್ ಲಾಯ್ಡ್. 1864ರಲ್ಲಿ ಹ್ಯಾಂಬರ್ಗ್‌ನಲ್ಲಿ, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಅವನು ಕಟ್ಟಿದ ಅಕ್ವೇರಿಯಂಗಳಲ್ಲಿ ಕೆಳಗೆ ಕತ್ತಲೆಯ ದೊಡ್ಡ ನೀರಿನ ಕೋಣೆ, ಅಲ್ಲಿಂದ ಪಂಪು, ನೀರು ಹಗಲೂ ರಾತ್ರಿ ಸುತ್ತುತ್ತಲೇ ಇರಬೇಕು. ಅವನಿಗಿಂತ ಮೊದಲೇ, 1832ರಲ್ಲಿ, ಸಿಸಿಲಿಯ ಮೆಸ್ಸಿನಾದಲ್ಲಿ ಜಾನ್ ವಿಲಪ್ರೋ ಪವರ್ ಅನ್ನುವ ಹೆಂಗಸು ಗಾಜಿನ ತೊಟ್ಟಿ ಮಾಡಿಸಿದ್ದಳು. ಫ್ರಾನ್ಸಿನಲ್ಲಿ ಬಟ್ಟೆ ಹೊಲಿಯುತ್ತಿದ್ದವಳು. ಆರ್ಗೊನಾಟ್ ಅನ್ನುವ ಪುಟ್ಟ ಆಕ್ಟೋಪಸ್ ತನ್ನ ಚಿಪ್ಪನ್ನು ಯಾರಿಂದಲೋ ಕದ್ದಿರುತ್ತದೆ ಅಂತ ದೊಡ್ಡ ದೊಡ್ಡವರೇ ವಾದಿಸುತ್ತಿದ್ದಾಗ, ಅದನ್ನು ಸಾಕಿ, ಮುರಿದ ಚಿಪ್ಪನ್ನು ಅದೇ ರಿಪೇರಿ ಮಾಡಿಕೊಳ್ಳುವುದನ್ನು ಕಣ್ಣಾರೆ ಕಂಡು ಬರೆದಳು. ಅವಳು ಸಮುದ್ರದಲ್ಲೇ ಇಳಿಬಿಡುವ ಪಂಜರಗಳನ್ನೂ ಮಾಡಿಸಿದ್ದಳು. ಅಲ್ಲಿ ಪಂಪಿನ ಕೆಲಸ ಸಮುದ್ರದ್ದೇ.

ಮಾಂಟೆರೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯ ಕಣ್ಣಿಗೆ ಕಾಣುವುದೇ ಇಲ್ಲ. ನಿಮಿಷಕ್ಕೆ 7,500 ಲೀಟರ್‌ನಷ್ಟು ನೀರನ್ನು ಎದುರಿನ ಕೊಲ್ಲಿಯಿಂದಲೇ ಎಳೆಯುತ್ತಾರೆ. ಹಗಲು ಸೋಸಿ ಬಿಡುತ್ತಾರೆ, ನಮಗೆ ಸ್ಪಷ್ಟವಾಗಿ ಕಾಣಲಿ ಅಂತ. ರಾತ್ರಿ ಸೋಸುವುದಿಲ್ಲ. ಹಸಿ ನೀರು ಹಾಗೇ ನುಗ್ಗುತ್ತದೆ. ಅದರ ಜೊತೆ ಪ್ಲಾಂಕ್ಟನ್ ಅನ್ನುವ ತೇಲುವ ಸಣ್ಣ ಜೀವಿಗಳು, ಮರಿಹುಳುಗಳು, ಕಡಲಪಾಚಿಯ ಬೀಜಕಣಗಳು ಬರುತ್ತವೆ. ಗೋಡೆಯ ಮೇಲೆ ಅಂಟಿದ ಎಷ್ಟೋ ಜೀವಿಗಳನ್ನು ಯಾರೂ ತಂದು ಹಾಕಿದ್ದಲ್ಲ. ಅವು ರಾತ್ರಿ ಪೈಪಿನಲ್ಲಿ ಬಂದು ಜಾಗ ಹಿಡಿದವು.

ಕೊನೆಗೆ ಹಿಂದಿನ ಜಗಲಿಗೆ ಬಂದೆವು. ಅಲ್ಲಿಂದ ಕೊಲ್ಲಿ ನೇರ ಕಾಣುತ್ತದೆ. ಐವತ್ತು ಗಜ ದೂರದಲ್ಲಿ ನಿಜವಾದ ಕೆಲ್ಪ್ ಕಾಡು, ಅದರ ಮೇಲೆ ಒಂದು ಕಡಲ ನೀರುನಾಯಿ ಮಲಗಿತ್ತು. ನಮ್ಮ ತುಂಗಭದ್ರೆಯ ನೀರುನಾಯಿಗಳ ಬಳಗವೇ, ಆದರೆ ಬದುಕೆಲ್ಲ ಸಮುದ್ರದಲ್ಲಿ. ತುಪ್ಪಳದಾಸೆಗೆ ಜನ ಇವನ್ನು ಎಷ್ಟು ಕೊಂದಿದ್ದರೆಂದರೆ ಕ್ಯಾಲಿಫೋರ್ನಿಯಾದಲ್ಲಿ ಮುಗಿದೇ ಹೋದವು ಅಂದುಕೊಂಡಿದ್ದರು. 1938ರಲ್ಲಿ ಬಿಗ್ ಸರ್ ಕರಾವಳಿಯಲ್ಲಿ ಒಂದು ಸಣ್ಣ ಗುಂಪು ಕಂಡಿತು. ಈಗ ಸುಮಾರು 3,000 ಇವೆ. ತಾಯಿ ತಪ್ಪಿದ ಮರಿಗಳನ್ನು ಈ ಅಕ್ವೇರಿಯಂನವರು ತಂದು, ಇಲ್ಲಿನ ದೊಡ್ಡ ನೀರುನಾಯಿಗಳ ಮಡಿಲಿಗೆ ಹಾಕಿ ಬೆಳೆಸಿ, ವಾಪಸ್ ಸಮುದ್ರಕ್ಕೆ ಬಿಡುತ್ತಾರೆ.

ಅದು ಒಂದೇ ಸಮನೆ ಮೈ ಉಜ್ಜಿಕೊಳ್ಳುತ್ತಿತ್ತು. ಕೆನ್ನೆ, ಹೊಟ್ಟೆ, ಕಂಕುಳು, ಮತ್ತೆ ಹೊರಳಿ ಬೆನ್ನು. "ಅದಕ್ಕೆ ತುರಿಕೆನಾ ಮಾಮ?" ಅಂದಳು ಅಕ್ಕನ ಮಗಳು. ತುರಿಕೆಯಲ್ಲ ಪುಟ್ಟಿ ಅಂದೆ. ತಿಮಿಂಗಿಲದ ಹಾಗೆ ಅದಕ್ಕೆ ಕೊಬ್ಬಿನ ಹೊದಿಕೆ ಇಲ್ಲ. ಒಂದು ಚದರ ಸೆಂಟಿಮೀಟರಿಗೆ ಒಂದು ಲಕ್ಷಕ್ಕೂ ಮೀರಿ ಕೂದಲಿದೆ, ಅದರೊಳಗೆ ಗಾಳಿಯನ್ನು ತುಂಬಿ ಹಿಡಿದುಕೊಳ್ಳುತ್ತದೆ. ಆ ಗಾಳಿ ಅಲ್ಲಾಡದೆ ನಿಂತಿರುವವರೆಗೆ ತಣ್ಣೀರು ಚರ್ಮಕ್ಕೆ ತಾಗುವುದಿಲ್ಲ. ಕೆಳಗೆ ಕೆಲ್ಪ್ ತನ್ನ ಮೈಯ ನಿಂತ ಪದರವನ್ನು ಹರಿದುಹಾಕಲು ಒದ್ದಾಡುತ್ತಿದೆ, ಮೇಲೆ ನೀರುನಾಯಿ ತನ್ನ ಪದರವನ್ನು ಉಳಿಸಿಕೊಳ್ಳಲು.

ಅವಳು ಕಟಕಟೆಗೆ ಗಲ್ಲ ಊರಿ ನಿಂತಳು. ಭಾವ ಕೆಳಗಿನಿಂದ ಫೋನ್ ಮಾಡಿ ಪಾರ್ಕಿಂಗ್ ಟೈಮ್ ಮುಗಿಯಿತು ಅಂದರು. ಈ ಸಲ ಕೈ ಹಿಡಿದು ಎಳೆಯಬೇಕಾದವನು ನಾನಾದೆ.