ಗುರುವಾರದ ಅಂಕಿಗೆ ಕಾಯುವ ಬಣ್ಣದ ಬದುಕು: ಕನ್ನಡ ಧಾರಾವಾಹಿ ಕಲಾವಿದರ ನಲವತ್ತು ವರ್ಷ

ನಿನ್ನೆಯವರೆಗೆ ಒಬ್ಬರು ಅಳುತ್ತಿದ್ದ ಅಡುಗೆಮನೆಯಲ್ಲಿ ಇಂದು ಇನ್ನೊಬ್ಬರು ಅಳುತ್ತಿರುತ್ತಾರೆ. ಪಾತ್ರದ ಹೆಸರು ಅದೇ, ಅತ್ತೆಯ ಬೈಗುಳವೂ ಅದೇ, ಮುಖ ಮಾತ್ರ ಬೇರೆ. ಪರದೆಯ ಕೆಳಗೆ ಒಂದು ಸಾಲು ಬಂದು ಹೋಗುತ್ತದೆ. ಮೊದಲ ವಾರ ಮನೆಮನೆಯಲ್ಲಿ ಚರ್ಚೆಯಾಗುತ್ತದೆ, ಎರಡನೆಯ ವಾರಕ್ಕೆ ಹೊಸ ಮುಖ ರೂಢಿಯಾಗುತ್ತದೆ. ಹೋದವರು ಏಕೆ ಹೋದರು ಎಂದು ಕೇಳುವಷ್ಟರಲ್ಲಿ ಕಥೆ ಮುಂದಕ್ಕೆ ಹೋಗಿರುತ್ತದೆ. 2022ರಲ್ಲಿ ಜನಪ್ರಿಯ ಧಾರಾವಾಹಿಯೊಂದರ ನಾಯಕ ನಟನ ನಿರ್ಗಮನ ಮಾತ್ರ ಹೀಗೆ ಸದ್ದಿಲ್ಲದೆ ಮುಗಿಯದೆ ಪತ್ರಿಕಾಗೋಷ್ಠಿಗಳವರೆಗೆ ಬೆಳೆಯಿತು. ಸೆಟ್ಟಿನ ಶಿಸ್ತು, ಕಥೆಯ ಮೇಲೆ ಯಾರ ಹಿಡಿತ, ಒಪ್ಪಂದದಲ್ಲಿ ಏನಿದೆ, ಸಂಘದ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆಗಳು ಆಗ ಒಟ್ಟೊಟ್ಟಿಗೆ ಎದ್ದವು. ಇವುಗಳಲ್ಲಿ ಒಂದೂ ಆ ವರ್ಷ ಹುಟ್ಟಿದ್ದಲ್ಲ.

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾಯಿತು. ಮುಂದಿನ ಹದಿನೈದು ವರ್ಷ ಕನ್ನಡದಲ್ಲಿ ಟಿ.ವಿ. ನಟನೆ ಎಂಬುದು ಯಾರಿಗೂ ಹೊಟ್ಟೆಪಾಡಿನ ಕಸುಬಾಗಿರಲಿಲ್ಲ ಎಂದರೆ ಹೆಚ್ಚು ತಪ್ಪಾಗದು. ಕ್ಯಾಮೆರಾದ ಮುಂದೆ ನಿಂತವರಲ್ಲಿ ಬಹುಪಾಲು ಹವ್ಯಾಸಿ ರಂಗಭೂಮಿಯವರು, ಬ್ಯಾಂಕು, ಎ.ಜಿ. (ಮಹಾಲೇಖಪಾಲರ) ಕಚೇರಿ, ಸಾರ್ವಜನಿಕ ಉದ್ಯಮಗಳಲ್ಲಿ ಹಗಲು ದುಡಿದು ಸಂಜೆ ನಾಟಕದ ತಾಲೀಮಿಗೆ ಬರುತ್ತಿದ್ದವರು. ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದಾಗ ಇಡೀ ದೇಶ ಹಿಂದಿಯಲ್ಲಿ ನೋಡಿದ್ದು ಕನ್ನಡ ರಂಗಭೂಮಿಯ ಮುಖಗಳನ್ನೇ. ದೂರದರ್ಶನ ಸಾಮಾನ್ಯವಾಗಿ ಹದಿಮೂರು ಕಂತುಗಳ ಲೆಕ್ಕದಲ್ಲಿ ಅನುಮತಿ ಕೊಡುತ್ತಿತ್ತು. ಸದಾನಂದ ಸುವರ್ಣರ ‘ಗುಡ್ಡದ ಭೂತ’ದಂಥ ಧಾರಾವಾಹಿಗೆ ಆರಂಭದ ದಿನವೇ ಕೊನೆಯ ದೃಶ್ಯ ಗೊತ್ತಿತ್ತು. ಅದರಲ್ಲಿ ನಟಿಸಿದ್ದ ಪ್ರಕಾಶ್ ರೈ ಮುಂದೆ ದಕ್ಷಿಣದ ಎಲ್ಲ ಭಾಷೆಗಳಿಗೂ ಬೇಕಾದ ನಟರಾದರು. ತನ್ನ ಪಾತ್ರ ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಬಲ್ಲ ಅನುಕೂಲ ಮುಂದಿನ ಪೀಳಿಗೆಯ ಧಾರಾವಾಹಿ ನಟರಿಗೆ ಸಿಗಲಿಲ್ಲ.

1994ರಲ್ಲಿ ಉದಯ ಟಿ.ವಿ. ಬಂತು, 1998ರಲ್ಲಿ ದೂರದರ್ಶನದಲ್ಲೇ ‘ಮಾಯಾಮೃಗ’ ಬಂತು, 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಶುರುವಾಯಿತು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ನಿರ್ದೇಶಿಸಿದ ‘ಮಾಯಾಮೃಗ’ ಕನ್ನಡದ ಮಧ್ಯಮ ವರ್ಗಕ್ಕೆ ದಿನವೂ ಒಂದೇ ಹೊತ್ತಿಗೆ ಟಿ.ವಿ. ಮುಂದೆ ಕೂರುವ ಅಭ್ಯಾಸ ಕಲಿಸಿತು. ವಾರಕ್ಕೊಮ್ಮೆಯ ಕಥೆ ದಿನನಿತ್ಯದ್ದಾದಾಗ ನೋಡುವವರಿಗೆ ಆದ ಬದಲಾವಣೆ ಸಣ್ಣದು. ನಟಿಸುವವರಿಗೆ ಆದದ್ದು ದೊಡ್ಡದು. ವಾರಕ್ಕೆ ಐದು ಸಂಚಿಕೆ ಬೇಕೆಂದರೆ ತಿಂಗಳಿಗೆ ಇಪ್ಪತ್ತಕ್ಕೂ ಹೆಚ್ಚು ದಿನ ಚಿತ್ರೀಕರಣ ನಡೆಯಬೇಕು, ಅಷ್ಟು ದಿನ ರಜೆ ಕೊಡುವ ಬ್ಯಾಂಕು ಯಾವುದೂ ಇಲ್ಲ. ಹೀಗಾಗಿ ಕೆಲಸ ಬಿಟ್ಟು ನಟನೆಯನ್ನೇ ನೆಚ್ಚಿದವರ ಮೊದಲ ಗುಂಪು ಕನ್ನಡದಲ್ಲಿ ರೂಪುಗೊಂಡದ್ದು 1998ರಿಂದ 2005ರ ನಡುವೆ.

ಆ ಕಾಲವನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. ಇಂದಿನ ಒಳ್ಳೆಯದರ ಬೇರೂ ಕೆಟ್ಟದ್ದರ ಬೇರೂ ಅಲ್ಲಿವೆ. ಸೀತಾರಾಮ್ ಅವರ ‘ಮನ್ವಂತರ’, ‘ಮುಕ್ತ’, ವೈಶಾಲಿ ಕಾಸರವಳ್ಳಿಯವರ ‘ಮೂಡಲ ಮನೆ’, ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ ಈ ಅವಧಿಯಲ್ಲಿ ಬಂದವು. ‘ಮೂಡಲ ಮನೆ’ ಉತ್ತರ ಕರ್ನಾಟಕದ ಕೂಡು ಕುಟುಂಬವೊಂದನ್ನು ಅದರದೇ ಭಾಷೆಯ ಲಯದಲ್ಲಿ ತೋರಿಸಿತು; ‘ಮುಕ್ತ’ದ ನ್ಯಾಯಾಲಯದ ವಾದಗಳನ್ನು ಜನ ಮರುದಿನ ಬಸ್ಸಿನಲ್ಲಿ ಮುಂದುವರಿಸಿದರು, ಸಿ.ಎಸ್.ಪಿ. ಎಂಬ ವಕೀಲನ ಪಾತ್ರ ಸೀತಾರಾಮರ ಎರಡನೆಯ ಹೆಸರೇ ಆಗಿಹೋಯಿತು. ಈ ಧಾರಾವಾಹಿಗಳಲ್ಲಿ ಸಣ್ಣ ಪಾತ್ರಕ್ಕೂ ನಾಟಕದಲ್ಲಿ ಪಳಗಿದ ನಟರಿದ್ದರು. ಯಶ್ ಮತ್ತು ರಾಧಿಕಾ ಪಂಡಿತ್ ‘ನಂದಗೋಕುಲ’ದಲ್ಲಿ ನಟಿಸಿ ಸಿನಿಮಾಕ್ಕೆ ದಾಟಿದ್ದೂ ಇದೇ ದಶಕದ ಮಾತು. ಇಂಥ ದಾಟುವಿಕೆಯ ಕಥೆಗಳೇ ಹೆಚ್ಚು ಪ್ರಚಾರ ಪಡೆದದ್ದರಿಂದ, ಧಾರಾವಾಹಿ ಎಂದರೆ ಸಿನಿಮಾದ ಹೊಸ್ತಿಲು ಎಂಬ ಕಲ್ಪನೆ ಬೆಳೆಯಿತು. ನೂರಾರು ಜನ ಹೊಸ್ತಿಲಲ್ಲೇ ಸಂಸಾರ ಹೂಡಿದರು ಎಂಬುದು ಅಷ್ಟಾಗಿ ಸುದ್ದಿಯಾಗಲಿಲ್ಲ.

ಕೆಲಸದ ರೀತಿ ಗಟ್ಟಿಯಾದದ್ದೂ ಆಗಲೇ. ಸ್ಟುಡಿಯೊ ಬಾಡಿಗೆ ಕೈಗೆಟುಕದ ಕಾರಣ ರಾಜರಾಜೇಶ್ವರಿನಗರದಂಥ ಬಡಾವಣೆಗಳ ದೊಡ್ಡ ಮನೆಗಳು ‘ಶೂಟಿಂಗ್ ಮನೆ’ಗಳಾದವು. ಪ್ರಧಾನ ನಿರ್ದೇಶಕರು ಕಥೆಯ ದಾರಿ ನೋಡಿಕೊಂಡರೆ ಸಂಚಿಕೆ ನಿರ್ದೇಶಕರು ಸೆಟ್ಟಿನಲ್ಲಿ ದೃಶ್ಯ ತೆಗೆಯುತ್ತಾರೆ. ದಿನಕ್ಕೆ ಒಂದು ಸಂಚಿಕೆಯಷ್ಟು ಸರಕು, ಅಂದರೆ ಸುಮಾರು ಇಪ್ಪತ್ತೆರಡು ನಿಮಿಷ, ಸಿಗಲೇಬೇಕು. ಸಂಭಾಷಣೆಯ ಹಾಳೆ ಬೆಳಿಗ್ಗೆ ಮೇಕಪ್ ಆಗುವಾಗ ಕೈಗೆ ಬರುವುದು ಸಾಮಾನ್ಯ. ಕೆಲವೊಮ್ಮೆ ಮೊದಲ ದೃಶ್ಯ ಮುಗಿಯುವಾಗ ಎರಡನೆಯದು ಇನ್ನೂ ಬರೆಯಲ್ಪಡುತ್ತಿರುತ್ತದೆ. ನಾಲ್ಕಾರು ಸಂಚಿಕೆ ಮುಂಚಿತವಾಗಿ ತೆಗೆದಿಟ್ಟುಕೊಳ್ಳುವುದಕ್ಕೆ ‘ಬ್ಯಾಂಕಿಂಗ್’ ಎನ್ನುತ್ತಾರೆ. ಆ ದಾಸ್ತಾನು ಕರಗಿದ ವಾರದಲ್ಲಿ ಜ್ವರ ಬಂದ ಕಲಾವಿದರಿಗೂ ರಜೆಯಿಲ್ಲ.

ಸಂಭಾವನೆ ದಿನದ ಲೆಕ್ಕದ್ದು. ಕಾಲ್‌ಶೀಟ್, ಅಂದರೆ ಚಿತ್ರೀಕರಣದ ಕರೆ, ಇದ್ದ ದಿನ ಹಣ, ಇಲ್ಲದ ದಿನ ಇಲ್ಲ. ಅದು ಕೈ ಸೇರುವುದು ಹಲವು ವೇಳೆ ಸಂಚಿಕೆ ಪ್ರಸಾರವಾಗಿ ತಿಂಗಳುಗಳಾದ ಮೇಲೆ. ಶ್ರೀಮಂತ ಮನೆತನದ ಸೊಸೆಯ ಪಾತ್ರ ಸಿಕ್ಕ ಹುಡುಗಿಯರು ಸೀರೆ, ಒಡವೆ ತಾವೇ ಹೊಂದಿಸಿಕೊಳ್ಳಬೇಕಾಗುತ್ತಿದ್ದುದೂ ಉಂಟು. ತೆರೆಯ ಮೇಲಿನ ಶ್ರೀಮಂತಿಕೆಗೆ ಸಾಲ ಮಾಡಿದವರು ತೆರೆಯ ಹಿಂದಿದ್ದರು.

ಜೀ ಕನ್ನಡ 2006ರಲ್ಲಿ, ಸುವರ್ಣ 2007ರಲ್ಲಿ ಬಂದ ಮೇಲೆ ಅವಕಾಶ ಹೆಚ್ಚಿತು, ಹಿಡಿತವೂ ಬಿಗಿಯಾಯಿತು. ಮೊದಲು ನಿರ್ಮಾಪಕರು ಸಮಯವನ್ನು ಕೊಂಡು, ಜಾಹೀರಾತು ತಾವೇ ತಂದು, ಲಾಭನಷ್ಟ ತಾವೇ ಹೊರುತ್ತಿದ್ದ ಪದ್ಧತಿ ವ್ಯಾಪಕವಾಗಿತ್ತು. ಕ್ರಮೇಣ ವಾಹಿನಿಯೇ ಸಂಚಿಕೆಗಿಷ್ಟು ಎಂದು ಹಣ ಕೊಟ್ಟು ಮಾಡಿಸುವ, ಹಕ್ಕುಗಳನ್ನೂ ತಾನೇ ಇಟ್ಟುಕೊಳ್ಳುವ ಪದ್ಧತಿ ಅದರ ಜಾಗಕ್ಕೆ ಬಂತು. ನಿರ್ಮಾಪಕರು ಗುತ್ತಿಗೆದಾರರಂತಾದರೆ, ಅವರು ಕರೆಸಿದ ಕಲಾವಿದರು ಗುತ್ತಿಗೆಯ ಒಳಗುತ್ತಿಗೆಯಂತಾದರು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ನಟನಟಿಯರಿಗೂ ವಾಣಿಜ್ಯ ಬಳಕೆಯ ಗೌರವಧನದ ಮಾತನ್ನು ಹೇಳುತ್ತದೆ. ದಿನದ ಲೆಕ್ಕದ ಕೂಲಿಯಲ್ಲಿ ಅದನ್ನು ಕಂಡವರು ವಿರಳ.

ಇನ್ನು ಅಂಕಿಯ ವಿಷಯ. 2015ರಲ್ಲಿ ಬಾರ್ಕ್ ಸಂಸ್ಥೆ ವೀಕ್ಷಕರ ಲೆಕ್ಕ ಕೊಡಲಾರಂಭಿಸಿತು, ಅದೇ ವರ್ಷ ಹಳ್ಳಿಗಳೂ ಆ ಲೆಕ್ಕದೊಳಗೆ ಬಂದವು. ನಗರದ ಮಧ್ಯಮ ವರ್ಗವನ್ನು ಮುಂದಿಟ್ಟುಕೊಂಡು ಹೆಣೆದ ಕಥೆಗಳು ಹಿಂದೆ ಸರಿದು, ಹಳ್ಳಿಯ ದೊಡ್ಡಮನೆ, ತಾಳಿ, ಹರಕೆ, ಸವತಿ ಮುಂದೆ ಬಂದವು. ಪ್ರತಿ ಗುರುವಾರ ಬರುವ ರೇಟಿಂಗ್ ನೋಡಿ ಮುಂದಿನ ವಾರದ ಟ್ರ್ಯಾಕ್, ಅಂದರೆ ಕಥೆಯ ದಾರಿ, ಬದಲಾಗುತ್ತದೆ. ಸಾಯಬೇಕಿದ್ದವರು ಬದುಕುತ್ತಾರೆ, ಬದುಕಿದ್ದವರು ವಿದೇಶಕ್ಕೆ ಹೋಗುತ್ತಾರೆ. 2013ರ ಕೊನೆಯಲ್ಲಿ ಆರಂಭವಾದ ‘ಅಗ್ನಿಸಾಕ್ಷಿ’ 2020ರ ಜನವರಿಯವರೆಗೆ ನಡೆಯಿತು. ಆರು ವರ್ಷ ಒಂದೇ ಪಾತ್ರವಾಗಿ ಬದುಕುವುದು ಹಣದ ದೃಷ್ಟಿಯಿಂದ ಭದ್ರತೆ, ಆದರೆ ಆ ಹೆಸರನ್ನು ಕಳಚಿಕೊಳ್ಳಲು ಮುಂದೆ ಎಷ್ಟು ವರ್ಷ ಬೇಕೆಂಬುದಕ್ಕೆ ಲೆಕ್ಕವಿಲ್ಲ. ‘ಪುಟ್ಟಗೌರಿ ಮದುವೆ’ಯ ಕಾಡಿನ ಸಂಚಿಕೆಗಳನ್ನು ಟ್ರೋಲ್ ಪುಟಗಳು ತಿಂಗಳುಗಟ್ಟಲೆ ಆಡಿಕೊಂಡವು. ಕಥೆ ಬರೆದವರ ಮುಖ ಯಾರಿಗೂ ಗೊತ್ತಿಲ್ಲದ ಕಾರಣ ಅದರ ಬಿಸಿ ತಟ್ಟಿದ್ದು ತೆರೆಯ ಮೇಲಿದ್ದವರಿಗೆ.

ಎಲ್ಲಕ್ಕಿಂತ ಹೆಚ್ಚು ಗೋಜಲಾದದ್ದು ಡಬ್ಬಿಂಗ್, ಅಂದರೆ ಪರಭಾಷೆಯ ಕೃತಿಗೆ ಕನ್ನಡದ ದನಿ ಕೂಡಿಸುವ ಪ್ರಶ್ನೆ. 1960ರ ದಶಕದಲ್ಲಿ ಕಾದಂಬರಿಕಾರ ಅ.ನ.ಕೃ., ಕನ್ನಡ ಹೋರಾಟಗಾರ ಮ. ರಾಮಮೂರ್ತಿ ಮೊದಲಾದವರ ಚಳವಳಿಯಿಂದ ಕನ್ನಡಕ್ಕೆ ಡಬ್ಬಿಂಗ್ ನಿಂತಿತು. ಯಾವ ಕಾನೂನೂ ಇಲ್ಲದೆ, ಬರೀ ಉದ್ಯಮದೊಳಗಿನ ಒಪ್ಪಂದದ ಬಲದಿಂದ ಅದು ಅರ್ಧ ಶತಮಾನ ನಿಂತೇ ಇತ್ತು. ಕಿರುತೆರೆ ಹುಟ್ಟಿದಾಗ ಈ ರಕ್ಷಣೆ ಅದಕ್ಕೆ ಬಳುವಳಿಯಾಗಿ ಬಂತು. ಪರಭಾಷೆಯ ಯಶಸ್ವೀ ಕಥೆ ಬೇಕೆಂದರೆ ಅದನ್ನು ಕನ್ನಡದ ನಟರಿಂದ ಮತ್ತೆ ಮಾಡಿಸಬೇಕು. ‘ಪುಟ್ಟಗೌರಿ ಮದುವೆ’ ಹಿಂದಿಯಿಂದ, ‘ಜೊತೆಜೊತೆಯಲಿ’ ಮರಾಠಿಯಿಂದ ಬಂದದ್ದು ಹಾಗೆಯೇ. ರೀಮೇಕನ್ನು ಬೈಯುವವರು ಮರೆಯುವ ಮಾತೊಂದಿದೆ: ಕಥೆ ಎರವಲಾದರೂ ಅನ್ನ ಇಲ್ಲಿಯವರದಾಗಿತ್ತು.

2012ರಲ್ಲಿ ಆಮಿರ್ ಖಾನ್ ನಡೆಸಿಕೊಟ್ಟ ಟಿ.ವಿ. ಕಾರ್ಯಕ್ರಮ ‘ಸತ್ಯಮೇವ ಜಯತೆ’ ಹಲವು ಭಾಷೆಗಳಲ್ಲಿ ಪ್ರಸಾರವಾದಾಗ ಕನ್ನಡಕ್ಕೆ ಅದು ದಕ್ಕಲಿಲ್ಲ. ‘ನಮ್ಮ ಭಾಷೆಯಲ್ಲಿ ನೋಡುವ ಹಕ್ಕು ನಮಗೇಕಿಲ್ಲ’ ಎಂಬ ಪ್ರಶ್ನೆ ಎದ್ದಿತು. ಕೇಳಿದವರು ವ್ಯಾಪಾರಿಗಳು ಮಾತ್ರವಾಗಿರಲಿಲ್ಲ. ಕನ್ನಡಪರರೇ ಆದ ಯುವಕರು ಕೇಳಿದರು ಎಂಬುದು ಈ ವಿವಾದವನ್ನು ಇನ್ನಷ್ಟು ಕಗ್ಗಂಟಾಗಿಸಿತು. 2014ರ ಜನವರಿಯಲ್ಲಿ ಚಿತ್ರರಂಗ, ಕಿರುತೆರೆ ಎರಡೂ ಬೀದಿಗಿಳಿದವು. ಕನ್ನಡ ಗ್ರಾಹಕರ ಕೂಟ ಮಾರುಕಟ್ಟೆಯಲ್ಲಿ ಸ್ಪರ್ಧೆಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗದ ಮೊರೆ ಹೋಗಿತ್ತು. 2015ರಲ್ಲಿ ಆಯೋಗವು ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ವಿರುದ್ಧವೆಂದು ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೂ ಕರ್ನಾಟಕ ಟೆಲಿವಿಷನ್ ಅಸೋಸಿಯೇಷನ್‌ಗೂ ದಂಡ ವಿಧಿಸಿತು. ಬಂಗಾಳಿಗೆ ಡಬ್ ಆದ ‘ಮಹಾಭಾರತ’ ಧಾರಾವಾಹಿಯ ಪ್ರಕರಣದಲ್ಲಿ 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದೇ ನಿಲುವನ್ನು ಎತ್ತಿಹಿಡಿಯಿತು. ಕಾನೂನಿನ ಮಟ್ಟಿಗೆ ಬಾಗಿಲು ಆಗಲೇ ತೆರೆದಿತ್ತು; ಒಳಗೆ ಕಾಲಿಡಲು ನೆಪ ಬೇಕಿತ್ತು.

ಆ ನೆಪ 2020ರ ಮಾರ್ಚ್‌ನಲ್ಲಿ ಸಿಕ್ಕಿತು. ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತು, ಬ್ಯಾಂಕಿಂಗ್ ಸಂಚಿಕೆಗಳು ಕೆಲವೇ ದಿನಗಳಲ್ಲಿ ಮುಗಿದಾಗ ವಾಹಿನಿಗಳ ಬಳಿ ತೋರಿಸಲು ಹೊಸತೇನೂ ಇರಲಿಲ್ಲ. ಆಗ ‘ಮಹಾಭಾರತ’, ‘ರಾಧಾಕೃಷ್ಣ’ ಕನ್ನಡ ಮಾತಾಡುತ್ತ ಬಂದವು, ಜನ ಮೆಚ್ಚಿ ನೋಡಿದರು. ಜುಲೈನಲ್ಲಿ ಜೀ ಕನ್ನಡದಲ್ಲಿ ಅಂಬೇಡ್ಕರರ ಜೀವನಕಥೆ ‘ಮಹಾನಾಯಕ’ ಆರಂಭವಾದಾಗ ಊರೂರುಗಳ ಯುವಕರು ತಾವಾಗಿಯೇ ಅದಕ್ಕೆ ಬ್ಯಾನರ್ ಕಟ್ಟಿದರು. ಡಬ್ಬಿಂಗ್ ಎಂದರೆ ಕನ್ನಡಕ್ಕೆ ಕೇಡು ಎಂಬ ಹಳೆಯ ವಾದವನ್ನು ಆ ಬ್ಯಾನರುಗಳ ಮುಂದೆ ನಿಂತು ಹೇಳುವುದು ಸುಲಭವಿರಲಿಲ್ಲ. ಕನ್ನಡದ ಧಾರಾವಾಹಿಗಳು ಐವತ್ತು ವರ್ಷಗಳ ರಕ್ಷಣೆಯ ನೆರಳಲ್ಲಿದ್ದೂ ಅಂಬೇಡ್ಕರರ ಕಥೆಯನ್ನು ತಾವೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆಯನ್ನು ಉದ್ಯಮ ಕೇಳಿಕೊಳ್ಳಬೇಕಿತ್ತು. ಇತ್ತ ಸೀತಾರಾಮರ ‘ಮಗಳು ಜಾನಕಿ’ಯಂಥ ಕನ್ನಡದ್ದೇ ಕಥೆ ಅದೇ ಲಾಕ್‌ಡೌನಿನಲ್ಲಿ ಅರ್ಧಕ್ಕೆ ನಿಂತಿತು. ಗೆದ್ದವರೂ ಸೋತವರೂ ತೆರೆಯ ಈಚೆಗಿನ ಪ್ರೇಕ್ಷಕರಲ್ಲ. ಕಾಲ್‌ಶೀಟ್ ಕಳೆದುಕೊಂಡವರು ಯಾವ ಬದಿಯ ವಾದದಲ್ಲೂ ಉದಾಹರಣೆಯಾಗಿ ಮಾತ್ರ ಬಂದರು. 2021ರ ಎರಡನೆಯ ಲಾಕ್‌ಡೌನಿನಲ್ಲಿ ಕೆಲವು ಧಾರಾವಾಹಿಗಳ ತಂಡಗಳು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋಗಿ ಕೆಲಸ ಮಾಡಿದವು. ಕರೆದೊಯ್ಯುವವರ ಪಟ್ಟಿ ಚಿಕ್ಕದಿರಬೇಕಾದ ಕಾರಣ ಪೋಷಕ ಪಾತ್ರಗಳು ಕಥೆಯಿಂದಲೇ ಕೆಲಕಾಲ ಮಾಯವಾದವು.

ಕಾನೂನು ಈ ಕಸುಬನ್ನು ಗುರುತಿಸಲು ತೆಗೆದುಕೊಂಡ ಕಾಲವೂ ಕಡಿಮೆಯದಲ್ಲ. ಸಿನಿಮಾ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ಕಾಯ್ದೆ ಮಾಡಿದ್ದು ಬೆಂಗಳೂರಿಗೆ ದೂರದರ್ಶನ ಬಂದ 1981ರಲ್ಲೇ; ಅದು ಕಥಾಚಿತ್ರಗಳಿಗೆ ಸೀಮಿತವಾಗಿತ್ತು. ಧಾರಾವಾಹಿಯಲ್ಲಿ ದುಡಿಯುವವರೂ ದೃಶ್ಯ-ಶ್ರವ್ಯ ಕಾರ್ಮಿಕರು, ಅವರಿಗೂ ಲಿಖಿತ ಒಪ್ಪಂದ ಬೇಕು ಎಂದು ಹೇಳುವ ಕಾರ್ಮಿಕ ಸಂಹಿತೆ ಬಂದದ್ದು 2020ರಲ್ಲಿ. ಕರ್ನಾಟಕದಲ್ಲಿ ಸಿನಿಮಾ ಟಿಕೆಟ್ಟು, ಚಂದಾ ಹಣ ಮುಂತಾದವುಗಳ ಮೇಲೆ ಶೇ. 1ರಿಂದ 2ರಷ್ಟು ಸೆಸ್ ಹಾಕಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರಿಗೆ ಕ್ಷೇಮನಿಧಿ ಕಟ್ಟುವ ಮಸೂದೆಗೆ 2024ರ ಜುಲೈನಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಸೆಸ್ ಕುರಿತು ಚಿತ್ರಮಂದಿರಗಳವರು, ವಾಹಿನಿಗಳು ಏನನ್ನುತ್ತಾರೆ ಎಂಬುದೇ ಸುದ್ದಿಯಾಯಿತು. ತಿಂಗಳಿಗೆ ನಾಲ್ಕು ದಿನ ಮಾತ್ರ ಕಾಲ್‌ಶೀಟ್ ಸಿಗುವ, ಕಥೆಯಲ್ಲಿ ಇನ್ನೂ ಹೆಸರಿಲ್ಲದೆ ‘ಚಿಕ್ಕಮ್ಮ’ ಎಂದಷ್ಟೇ ಕರೆಸಿಕೊಳ್ಳುವ ಪಾತ್ರಧಾರಿ ಆ ನಿಧಿಗೆ ತನ್ನ ದುಡಿಮೆಯ ಪುರಾವೆಯಾಗಿ ಯಾವ ಕಾಗದ ತೋರಿಸಬೇಕು ಎಂಬುದು ಇನ್ನು ಮುಂದಿನ ಕೆಲಸ.